ಕಾರಮ್ಮನ ಬೆಳ್ಳಿಗೆರೆ

ಓಣಿಯ ಮಕ್ಕಳು ಅವಳಿಗೆ ಕಾರಮ್ಮ ಎಂದು ಹೆಸರಿಟ್ಟಿದ್ದರು. ಕಾರು ಓಡಿಸುವ ಅಮ್ಮ, ಅದಕ್ಕೇ ಕಾರಮ್ಮ. ಎದುರು ಮನೆಯ ಅಜ್ಜಿಗೆ ಕಿವಿ ಸ್ವಲ್ಪ ಮಂದ. ಆಕೆ ಅದನ್ನು ಖಾರಮ್ಮ ಎಂದು ಕೇಳಿಸಿಕೊಂಡು, "ಅಷ್ಟೇನೂ ಬಾಯಿ ಜೋರಿಲ್ಲವಲ್ಲ ಪಾಪ, ಯಾಕೆ ಹಾಗಂತಾರೆ?" ಎಂದು ಒಬ್ಬಿಬ್ಬರನ್ನು ವಿಚಾರಿಸಿದ್ದೂ ಉಂಟು. ಕಾರಮ್ಮನಿಗೆ ಎರಡು ಹೆಸರೂ ಇಷ್ಟವೇ. ಮನೆಯಲ್ಲಿ ಮಗ ಅಮ್ಮ ಎನ್ನುತ್ತಿದ್ದ, ಸೊಸೆ ಅತ್ತೆ ಎನ್ನುತ್ತಿದ್ದಳು, ಗಂಡ 'ಇವಳೇ' ಎನ್ನುತ್ತಿದ್ದ. ತಾನು ಮಾಡುವ ಕೆಲಸದಿಂದ ಅವಳಿಗೆ ಬಂದ ಹೆಸರೆಂದರೆ ಅದೊಂದೇ. ಮದುವೆಯಾದಾಗಿನಿಂದ ಅಡುಗೆ ಮಾಡಿದ್ದಾಳೆ, ಯಾರೂ ಅವಳನ್ನು ಸೌಟಮ್ಮ ಎಂದು ಕರೆದಿರಲಿಲ್ಲ.

ಕಾರು ಗಂಡ ಕೊಂಡದ್ದು. ಕಡುನೀಲಿ ಬಣ್ಣ, ಒಳಗೆ ಬೂದು ಸೀಟು, ಕಿಟಕಿಗಳ ಸುತ್ತ ಬೆಳ್ಳಗೆ ಹೊಳೆಯುವ ಕ್ರೋಮ್ ಪಟ್ಟಿ. ತಂದ ಹೊಸತರಲ್ಲಿ ಅವನು ಅದನ್ನು ಗೇಟಿನ ಕಂಬಕ್ಕೆ ಎರಡು ಸಲ ಉಜ್ಜಿಸಿದ. ಎರಡು ಸಲವೂ ಕೆಳಗಿಳಿದು, ಸೊಂಟದ ಮೇಲೆ ಕೈಯಿಟ್ಟು, "ಈ ಗೇಟು ಕಟ್ಟಿಸಿದವನಿಗೆ ಬುದ್ಧಿ ಬೇಡ್ವಾ?" ಎಂದು ಬೈದ. ಗೇಟು ಕಟ್ಟಿಸಿದವರು ಅವನ ಅಪ್ಪನೇ. ಆ ಕಾಲಕ್ಕೆ ಅದರೊಳಗೆ ಬರುತ್ತಿದ್ದದ್ದು ಒಂದು ಸೈಕಲ್ಲು. ಆಮೇಲೊಂದು ದಿನ ನಡುರಸ್ತೆಯಲ್ಲಿ ಗಾಡಿ ನಿಂತು, ಹಿಂದಿನವರೆಲ್ಲ ಹಾರ್ನ್ ಹೊಡೆದು, ಅವನ ರಕ್ತದೊತ್ತಡ ಏರಿ, ಕಾರಿಗೆ ಹೊದಿಕೆ ಬಿತ್ತು. ಆ ಹೊದಿಕೆಯನ್ನು ವಾರಕ್ಕೊಮ್ಮೆ ಕೊಡವಿ, ಒಗೆದು, ಕಾರು ಒರೆಸಿ, ಮತ್ತೆ ಹೊದಿಸುವುದು ಅವಳ ಪಾಲಿಗೆ ಬಂತು. ಆ ಮನೆಯಲ್ಲಿ ಕೆಲಸಕ್ಕೆ ಬಾರದೆ ಕೂತ ವಸ್ತುವೆಲ್ಲ ಕೊನೆಗೆ ಅವಳ ಕೆಲಸವಾಗುತ್ತಿತ್ತು. ವ್ಯಾಯಾಮದ ಸೈಕಲ್ಲು ಹಾಗೇ ಆಯಿತು, ಮೀನಿಲ್ಲದ ಮೀನಿನ ತೊಟ್ಟಿಯೂ ಹಾಗೇ.

"ಒರೆಸೋದು ಹೇಗೂ ನಾನೇ. ಒಳಗೆ ಕೂತು ಓಡಿಸಿಯೇ ಬಿಡ್ತೀನಿ," ಎಂದು ಒಂದು ದಿನ ಅಂದಳು. ಆಗ ಅವಳಿಗೆ ಐವತ್ತು ದಾಟಿತ್ತು.

ಗಂಡ ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಓಡಿಸು, ಓಡಿಸು. ಮೊದಲು ಓಣಿಯವರಿಗೆಲ್ಲ ಒಂದು ಮಾತು ಹೇಳ್ಬಿಡು, ಮಕ್ಕಳನ್ನ ಒಳಗೆ ಕರ್ಕೊಳ್ಳಲಿ."

ಅವಳು ಕಲಿತಳು. ಡ್ರೈವಿಂಗ್ ಶಾಲೆಯಲ್ಲಿ ಹೇಳಿಕೊಟ್ಟ ಮೇಡಂ ಒಡಕು ದನಿಯವರು, ಪಕ್ಕದ ಸೀಟಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದವರು. ಯಾರಾದರೂ ಹಾರ್ನ್ ಹೊಡೆದ ಕೂಡಲೇ ಕಾರಮ್ಮನ ಬಾಯಲ್ಲಿ "ಸಾರಿ, ಸಾರಿ" ಎಂದು ಬರುತ್ತಿತ್ತು. "ಮನೇಲಿ ಕೇಳಿದಷ್ಟು ಸಾರಿ ರಸ್ತೇಲಿ ಕೇಳ್ಬೇಡಿ," ಎಂದರು ಮೇಡಂ. "ಇಂಡಿಕೇಟರ್ ಹಾಕಿ, ತಿರುಗಿ. ಅಷ್ಟೇ."

ಅವಳು ಕಲಿತದ್ದೇ ತಡ, ಮನೆಗೆ ಡ್ರೈವರ್ ಸಿಕ್ಕ ಹಾಗಾಯಿತು. "ಹೇಗೂ ನಿನಗೆ ಕಾರು ಬರುತ್ತಲ್ಲ" ಎನ್ನುವ ಮಾತು ದಿನಕ್ಕೆ ಹತ್ತು ಸಲ ಕೇಳಿಬರುತ್ತಿತ್ತು. ಗಂಡನನ್ನು ರಕ್ತಪರೀಕ್ಷೆಗೆ ಕರೆದೊಯ್ಯುವುದು, ಮಗನನ್ನು ಸ್ಟೇಷನ್ನಿಗೆ ಬಿಡುವುದು, ಸೊಸೆಗೆ ಆಫೀಸಿನಲ್ಲಿ ತಡವಾದ ದಿನ ಹೋಗಿ ಕರೆತರುವುದು, ದಾರಿಯಲ್ಲೇ ತರಕಾರಿ, ಇಸ್ತ್ರಿ ಬಟ್ಟೆ, ಕೆಟ್ಟ ಮಿಕ್ಸಿ. ಒಂದು ಸಂಜೆ ಸೊಸೆ ಸೀಟಿಗೆ ತಲೆ ಆನಿಸಿ, "ಅತ್ತೆ, ಡ್ರೈವರ್ ಇಟ್ಕೊಂಡಿದ್ರೆ ಅವನಿಗೆ ವಾರಕ್ಕೊಂದು ರಜ ಕೊಡ್ಬೇಕಿತ್ತು," ಎಂದಳು.

"ಅವನು ಮನೆಗೆ ಬಂದು ಪಾತ್ರೆ ತೊಳೀತಿರ್ಲಿಲ್ಲವಲ್ಲ. ನಾನೇ ಲಾಭ ಕಣೇ," ಎಂದಳು ಕಾರಮ್ಮ. ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಸೊಸೆ ಗಡಿಯಾರ ನೋಡಿಕೊಂಡಳು. ಸೊಸೆಯೂ ಮನೆಗೆ ಹೋಗಿ ಹಿಟ್ಟು ಕಲಸಬೇಕಿತ್ತು.

ರಜ ಎಂದು ಏನಾದರೂ ಇದ್ದರೆ ಅದು ಗುರುವಾರ ಮಧ್ಯಾಹ್ನ. ಅಂದು ಅವಳು ಅಕ್ಕನ ಮನೆಗೆ ಹೋಗುತ್ತಿದ್ದಳು.

ಅಕ್ಕ ಊರಿನ ಆ ತುದಿಯಲ್ಲಿ, ತನ್ನ ಮಗನ ಮನೆಯಲ್ಲಿ, ಮೂರನೇ ಮಹಡಿಯ ಒಂದು ಕೋಣೆಯಲ್ಲಿ ಇದ್ದಳು. ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಕೋಲೂರಿ ಲಿಫ್ಟಿನವರೆಗೆ ನಡೆಯಬಲ್ಲಳು, ಅಷ್ಟೇ. ಬಸ್ಸು ಹತ್ತುವ ಮಾತೇ ಇಲ್ಲ. ಗುರುವಾರ ಊಟವಾದದ್ದೇ ಅವಳು ಮಂಚದ ಅಂಚಿಗೆ ಕೂತು ಬೂಟು ಹಾಕಿಕೊಳ್ಳಲು ಶುರುಮಾಡುತ್ತಿದ್ದಳು. ಲೇಸಿನ ಬದಲು ಪರ್ರನೆ ಬಿಚ್ಚಿ ಅಂಟಿಸುವ ಪಟ್ಟಿಯ ಬೂಟು. ಬಗ್ಗಲಾಗದವಳಿಗೆ ಅದೊಂದು ದೊಡ್ಡ ಕೆಲಸ. ಆದರೂ ಅವಳ ಸೊಸೆ ಕೈಹಾಕಲು ಬಂದರೆ, "ನೀನು ಹಾಕಿದ್ರೆ ಆಸ್ಪತ್ರೆಗೆ ಹೊರಟ ಹಾಗಾಗುತ್ತೆ. ನಾನೇ ಹಾಕ್ಕೊಂಡ್ರೆ ತಿರುಗಾಟ," ಎಂದು ಕಳಿಸಿಬಿಡುತ್ತಿದ್ದಳು.

ಅಕ್ಕತಂಗಿಯರು ಕಾರಿನಲ್ಲಿ ಕೆರೆಯ ದಂಡೆಗೆ ಹೋಗಿ, ನೀರಿಗೆ ಮುಖಮಾಡಿ ಗಾಡಿ ನಿಲ್ಲಿಸಿ, ಗಾಜು ಇಳಿಸಿ ಕೂರುತ್ತಿದ್ದರು. ಕಿತ್ತಳೆ ಸುಲಿದು ಸಿಪ್ಪೆಯನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದರು. ಒಮ್ಮೊಮ್ಮೆ ಮಾತು, ಒಮ್ಮೊಮ್ಮೆ ಅಕ್ಕನಿಗೆ ಕೂತಲ್ಲೇ ಜೊಂಪು.

"ಇಲ್ಲಿ ಯಾರೂ 'ಅದೆಲ್ಲಿದೆ' ಅಂತ ಕೇಳಲ್ಲ ನೋಡು," ಎನ್ನುತ್ತಿದ್ದಳು ಅಕ್ಕ.

"ಯಾವುದೆಲ್ಲಿದೆ?"

"ಯಾವುದೋ ಒಂದು. ಟವೆಲ್ಲು, ಕತ್ತರಿ, ಉಪ್ಪು. ನಾನು ಸತ್ತ ಮೇಲೂ ಒಂದು ತಿಂಗಳು ನನ್ನ ಫೋಟೋ ಮುಂದೆ ನಿಂತು ಕೇಳ್ತಾರೆ."

ಬಾಡಿಗೆ ಕಾರಿನಲ್ಲಿ ಈ ಮಾತು ಆಡಲಾಗುವುದಿಲ್ಲ. ಮುಂದೆ ಕೂತವನ ಕಿವಿ ಇರುತ್ತದೆ, ಕನ್ನಡಿಯಲ್ಲಿ ಅವನ ಕಣ್ಣಿರುತ್ತದೆ, ಅವನಿಗೆ ಮುಂದಿನ ಬಾಡಿಗೆಯ ಅವಸರ ಇರುತ್ತದೆ. ಅಕ್ಕನಿಗೆ ಅವಸರವನ್ನು ಕಂಡರೇ ಆಗುತ್ತಿರಲಿಲ್ಲ.

ಇನ್ನು ಆ ಗೇಟಿನ ವಿಷಯ. ಓಣಿ ಇಕ್ಕಟ್ಟು, ಹೊರಗೆ ಗಾಡಿ ನಿಲ್ಲಿಸುವ ಹಾಗಿಲ್ಲ. ರಿವರ್ಸ್‌ನಲ್ಲೇ ಗೇಟು ದಾಟಿ ಒಳಗೆ ಹೋಗಬೇಕು. ಒಳಗಿನ ಪೋರ್ಟಿಕೊ ತಗ್ಗು ಸೂರಿನದು, ಪಕ್ಕದ ಮನೆಯ ಗೋಡೆ ಬೆಳಕನ್ನೆಲ್ಲ ಕುಡಿದುಬಿಡುತ್ತದೆ, ಹಗಲಲ್ಲೂ ಅಲ್ಲಿ ಮಬ್ಬು. ಆ ಮಬ್ಬಿನಲ್ಲಿ ಕಡುನೀಲಿ ಕಾರಿನ ಮೈ ಪಕ್ಕದ ಕನ್ನಡಿಯಲ್ಲಿ ಕರಗಿಹೋಗುತ್ತಿತ್ತು. ಕಾರು ಎಲ್ಲಿ ಮುಗಿಯಿತು, ಕಂಬ ಎಲ್ಲಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ. ಗಂಡ ಎರಡು ಸಲ ಉಜ್ಜಿಸಿದ್ದೂ ಇದೇ ಕಾರಣಕ್ಕೆ. ಕಲಿತ ಹೊಸತರಲ್ಲಿ ಕಾರಮ್ಮನೂ ಅಲ್ಲಿ ಹೆದರಿ ನಿಲ್ಲುತ್ತಿದ್ದಳು. ಒಂದು ಬೆಳಿಗ್ಗೆ ಸ್ಟೀಲ್ ಲೋಟ ಒರೆಸಿದ ಬಟ್ಟೆ ಕೈಯಲ್ಲಿದ್ದಾಗ ಹಾಗೇ ಕಿಟಕಿಯ ಕೆಳಗಿನ ಕ್ರೋಮ್ ಪಟ್ಟಿಯನ್ನೂ ಒರೆಸಿದಳು. ಅಂದು ಸಂಜೆ ರಿವರ್ಸ್ ಹಾಕುವಾಗ ಕನ್ನಡಿಯಲ್ಲಿ ಆ ಪಟ್ಟಿ, ಮುಂಬಾಗಿಲಿನಿಂದ ಹಿಂಬಾಗಿಲಿನ ತುದಿಯವರೆಗೆ, ಬೆಳ್ಳಗೆ ಒಂದು ಗೆರೆ ಎಳೆದ ಹಾಗೆ ಕಂಡಿತು. ಗೆರೆಗೂ ಕಂಬಕ್ಕೂ ನಡುವೆ ಕನ್ನಡಿಯಲ್ಲಿ ಎರಡು ಬೆರಳಿನ ಜಾಗ. ಆ ಎರಡು ಬೆರಳು ಒಂದೂವರೆಯಾದರೆ ಸ್ಟೀರಿಂಗ್ ತುಸು ಬಿಡಬೇಕು, ಎರಡೂವರೆಯಾದರೆ ತುಸು ಎಳೆಯಬೇಕು. ಕಾರು ಒಂದೇ ಏಟಿಗೆ ಒಳಗೆ ಹೋಯಿತು.

ಅಂದಿನಿಂದ ಅವಳು ದಿನವೂ ಬೆಳಿಗ್ಗೆ ಲೋಟಗಳಾದ ಮೇಲೆ ಪಟ್ಟಿ ಒರೆಸುತ್ತಿದ್ದಳು. ಮನಸ್ಸಿನಲ್ಲಿ ಅದಕ್ಕೆ ಬೆಳ್ಳಿಗೆರೆ ಎಂದು ಹೆಸರಿಟ್ಟಿದ್ದಳು. ಅವಳು ಗಾಡಿಯನ್ನು ಸರ್ರನೆ ಒಳಗೆ ತೆಗೆದುಕೊಂಡು ಹೋಗುವುದನ್ನು ನೋಡಲು ಓಣಿಯ ಗಂಡಸರು ಮಾತು ನಿಲ್ಲಿಸಿ ನಿಲ್ಲುತ್ತಿದ್ದರು. ಮನೆಯವರು ಮಾತ್ರ, ಅಮ್ಮನಿಗೆ ಹೊಳೆಯೋದಂದ್ರೆ ಹುಚ್ಚು, ಕಾರನ್ನೂ ಬಿಡಲ್ಲ ಎಂದುಕೊಂಡಿದ್ದರು. ಅವಳು ತಿದ್ದಲಿಲ್ಲ. ಉಪಾಯ ಹೇಳಿಬಿಟ್ಟರೆ, "ಓ, ಇಷ್ಟೇನಾ?" ಎನ್ನುತ್ತಾರೆ. ಅವಳ ಎಲ್ಲ ಕೆಲಸಗಳಿಗೂ ಆ ಮನೆಯಲ್ಲಿ "ಇಷ್ಟೇನಾ" ಎನ್ನುವ ಮಾತು ಬಿದ್ದಿತ್ತು. ಇದೊಂದಾದರೂ ಉಳಿಯಲಿ ಎಂದಿತ್ತು ಮನಸ್ಸು. ಅಕ್ಕನಿಗೆ ಮಾತ್ರ ಹೇಳಿದ್ದಳು.

ಮಗನಿಗೆ ಹೊಸ ಕೆಲಸ ಸಿಕ್ಕಿತು. ವಾರದಲ್ಲಿ ಒಂದೆರಡು ದಿನ ಹೊರಗಿನಿಂದ ಬಂದವರನ್ನು ಕಾರಿನಲ್ಲಿ ಸುತ್ತಿಸಬೇಕು. ಒಂದು ಬೆಳಿಗ್ಗೆ ತಿಂಡಿ ತಿನ್ನುತ್ತ ಅವನು ಫೋನಿನಲ್ಲಿ ಒಂದು ಕಾರಿನ ಚಿತ್ರ ತೋರಿಸಿದ. ಕಿಟಕಿಯ ಸುತ್ತ ಒಂದಿಷ್ಟೂ ಹೊಳಪಿಲ್ಲ, ಎಲ್ಲ ಕಪ್ಪು.

"ಈಗ ಯಾರೂ ಕ್ರೋಮ್ ಇಡಲ್ಲಮ್ಮ. ನಮ್ಮ ಗಾಡಿ ನೋಡಿದ್ರೆ ಪಾತ್ರೆ ಅಂಗಡಿ ಬೀದಿಗೆ ಬಂದ ಹಾಗಿದೆ. ಪಟ್ಟಿ ಎಲ್ಲ ತೆಗೆಸಿ ಕಪ್ಪಂದು ಹಾಕಿಸ್ಬೇಕು."

"ಚೆನ್ನಾಗೇ ಇದೆಯಲ್ಲೋ. ದಿನಾ ಒರೆಸ್ತೀನಿ."

"ಅದಕ್ಕೇ ಹೇಳಿದ್ದು. ಇನ್ಮೇಲೆ ಒರೆಸೋ ಕೆಲಸಾನೇ ಇಲ್ಲ. ನಿನಗೇ ಆರಾಮು."

ಅವಳ ಆರಾಮಿಗೆಂದು ಆ ಮನೆಗೆ ಹಿಂದೊಮ್ಮೆ ತರಕಾರಿ ಹೆಚ್ಚುವ ಯಂತ್ರ ಬಂದಿತ್ತು. ತರಕಾರಿ ಹೆಚ್ಚುವುದಕ್ಕಿಂತ ಅದನ್ನು ತೊಳೆಯುವುದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

"ಅಂಗಡಿಯವನಿಗೆ ಹೇಳಿಟ್ಟಿದ್ದೀನಿ," ಎಂದ ಮಗ. "ಮಂಗಳವಾರ ನೀನೇ ತಗೊಂಡು ಹೋಗ್ಬಿಡು. ಮಧ್ಯಾಹ್ನ ಹೇಗೂ ಖಾಲಿ ಇರ್ತೀಯಲ್ಲ."

ಸೊಸೆ ತಟ್ಟೆಯಿಂದ ತಲೆ ಎತ್ತಿ ಗಂಡನನ್ನು ಒಮ್ಮೆ, ಅತ್ತೆಯನ್ನು ಒಮ್ಮೆ ನೋಡಿದಳು. ಕಾರಮ್ಮ ಖಾಲಿಯಾದ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು. ಬೇಡ ಎನ್ನುವುದಕ್ಕೆ ಕಾರಣ ಹೇಳಬೇಕಾಗುತ್ತಿತ್ತು. ಕಾರಣ ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ, ಕೇಳಿ ಅವರಿಗೆ ಅಭ್ಯಾಸವಿರಲಿಲ್ಲ.

ಅಂಗಡಿ ದೊಡ್ಡ ರಸ್ತೆಯ ಬದಿಗೆ. ಗೋಡೆಗೆ ಸ್ಟೀರಿಂಗ್ ಕವರುಗಳು, ಕಾಲೊರಸುಗಳು, ತಲೆದಿಂಬುಗಳು ನೇತುಬಿದ್ದಿದ್ದವು. ಅಂಗಡಿಯವನು ಸಭ್ಯ ಮನುಷ್ಯ. ಪ್ಲಾಸ್ಟಿಕ್ ಕುರ್ಚಿಯೊಂದನ್ನು ಒರೆಸಿ ಕೊಟ್ಟ. ಕ್ರೋಮ್ ಪಟ್ಟಿಯ ಉದ್ದಕ್ಕೂ ಬಣ್ಣಕ್ಕೆ ತಾಗದಂತೆ ಕಾಗದದ ಟೇಪು ಅಂಟಿಸಿದ. ಆಮೇಲೆ ಬಾಗಿಲು ತೆರೆದು ಅಂಚಿನಲ್ಲಿದ್ದ ಸಣ್ಣ ಸ್ಕ್ರೂ ಬಿಚ್ಚಿ, ಪಟ್ಟಿಯ ಕೆಳಗೆ ಚಪ್ಪಟೆ ಪ್ಲಾಸ್ಟಿಕ್ ಕಡ್ಡಿ ತೂರಿಸಿ ಮೆಲ್ಲಗೆ ಎಬ್ಬಿಸಿದ. ಒಳಗಿನ ಕ್ಲಿಪ್ಪುಗಳು ಟಕ್ ಟಕ್ ಎಂದು ಒಂದೊಂದಾಗಿ ಬಿಟ್ಟುಕೊಂಡವು. ಪಟ್ಟಿ ಇದ್ದ ಜಾಗದಲ್ಲಿ ಎಷ್ಟೋ ವರ್ಷದ ಮಣ್ಣು ಒಂದು ಗೆರೆಯಾಗಿ ಕೂತಿತ್ತು. ಅದನ್ನು ನೋಡಿ ಕಾರಮ್ಮನಿಗೆ ನಾಚಿಕೆಯಾಯಿತು. ತಾನು ಒರೆಸದೆ ಬಿಟ್ಟ ಜಾಗ.

ಅವನು ಮೊದಲು ಮೇಲಿನ ಚೌಕಟ್ಟಿನ ಪಟ್ಟಿಗಳನ್ನು ಬದಲಿಸಿದ. ಕೆಳಗಿನದಕ್ಕೆ ಕೈಹಾಕಿದಾಗ ಅವಳು ಎದ್ದು ಬಂದಳು.

"ಕೆಳಗಿಂದು ಹಾಗೇ ಇರ್ಲಿ ಅಂದ್ರೆ ಆಗುತ್ತಾ? ಡ್ರೈವರ್ ಪಕ್ಕದ್ದು ಮಾತ್ರ?"

ಅವನು ಕಡ್ಡಿಯನ್ನು ಕೈಯಲ್ಲೇ ಹಿಡಿದು ನಿಂತ. "ಆಗದೆ ಏನು? ಆದ್ರೆ ಒಂದು ಪಕ್ಕ ಕಪ್ಪು, ಒಂದು ಪಕ್ಕ ಬಿಳಿ ಕಾಣುತ್ತಮ್ಮ. ಗಾಡಿ ಯಾರದು?"

"ನಮ್ಮದು," ಎಂದಳು.

ನನ್ನ ಮನೆ, ನನ್ನ ಕಾರು ಎಂದು ಅವಳು ಯಾವತ್ತೂ ಅಂದವಳಲ್ಲ. ಹಾಗೆ ಅನ್ನುವವರು ಜಂಬದವರು ಎಂದು ಅವಳಮ್ಮ ಕಲಿಸಿದ್ದಳು. ಗಂಡನಿಗೂ ಅವಳು 'ನಮ್ಮನೆಯವರು' ಎನ್ನುತ್ತಿದ್ದಳು, ತನ್ನ ತಲೆನೋವಿಗೂ ಹೆಚ್ಚುಕಡಿಮೆ 'ನಮಗೆ ತಲೆನೋವು' ಎನ್ನುತ್ತಿದ್ದಳು.

"ನಮ್ಮದು ಅಂದ್ರೆ ಮನೇವ್ರನ್ನ ಒಂದು ಮಾತು ಕೇಳ್ಬಿಡಿ," ಎಂದ ಅವನು. "ಆಮೇಲೆ ನನಗೆ ಬೈತಾರೆ."

ಅವಳು ಮಗನಿಗೆ ಫೋನು ಮಾಡಿದಳು. "ಅರ್ಧ ಕಪ್ಪು ಅರ್ಧ ಬಿಳೀನಾ? ಅಮ್ಮಾ, ಜನ ನಗ್ತಾರೆ. ನೀನು ಫೋನ್ ಅವನಿಗೆ ಕೊಡು." ಅವಳು ಕೊಟ್ಟಳು. ಇಬ್ಬರು ಗಂಡಸರು ಅವಳ ಫೋನಿನಲ್ಲಿ ಮಾತಾಡಿಕೊಂಡರು. ಅಂಗಡಿಯವನು ನಡುವೆ ಒಮ್ಮೆ ನಕ್ಕು, "ಇರ್ಲಿ ಬಿಡಿ ಸರ್, ನಮ್ಮ ಅಮ್ಮಾನೂ ಹೀಗೇ, ಹಳೇದೇನೂ ಬಿಡಲ್ಲ," ಎಂದ. ಫೋನು ವಾಪಸು ಬರುವಾಗ ಬೆಚ್ಚಗಿತ್ತು.

ಕೆಳಗಿನ ಪಟ್ಟಿಯೂ ಹೋಯಿತು. ಅವನು ಹೊಸ ಕಪ್ಪು ಪಟ್ಟಿಯನ್ನು ಅಂಗೈಯಿಂದ ಗುದ್ದಿ ಗುದ್ದಿ ಕೂರಿಸಿದ. ಹಳೆಯವನ್ನು ಮೂಲೆಯ ಡ್ರಮ್ಮಿನಲ್ಲಿ ನಿಲ್ಲಿಸಿದ. ಬೇರೆ ಬೇರೆ ಕಾರುಗಳ ಪಟ್ಟಿಗಳು ಅಲ್ಲಿ ಆಗಲೇ ಪೊರಕೆಕಡ್ಡಿಗಳ ಹಾಗೆ ತುಂಬಿದ್ದವು, ಗುಜರಿಯವನಿಗಾಗಿ.

ಅಂದು ಬಿಸಿಲು ಇನ್ನೂ ಇದ್ದಾಗಲೇ ಮನೆ ತಲುಪಿದರೂ ಗೇಟಿನಲ್ಲಿ ಅವಳು ನಿಂತುಬಿಟ್ಟಳು. ಕನ್ನಡಿಯಲ್ಲಿ ಗೆರೆಯಿಲ್ಲ. ಕಾರಿನ ಮೈ ಮಬ್ಬಿನೊಳಗೆ ಜಾರಿ ಹೋಗಿತ್ತು. ಮುಂದೆ ಹೋಗಿ, ಹಿಂದೆ ಬಂದು, ಇಳಿದು ನೋಡಿ, ಮತ್ತೆ ಹತ್ತಿ, ಅಂತೂ ಒಳಗೆ ತಂದಳು. ಗಂಡ ಬಾಗಿಲಿಗೆ ಬಂದು, "ಏನೇ ಇದು, ಒಂದೇ ಏಟಿನ ರಾಣಿಗೆ ಇವತ್ತೇನಾಯ್ತು?" ಎಂದ.

ಬುಧವಾರ ಎಲ್ಲರ ಊಟದ ಡಬ್ಬಿ ಕಟ್ಟಿದ ಮೇಲೆ ಅವಳು ಅಲ್ಯೂಮಿನಿಯಂ ಹಾಳೆಯ ಸುರುಳಿಯಿಂದ ಉದ್ದನೆಯ ಒಂದು ಪಟ್ಟಿ ಕತ್ತರಿಸಿ, ಡ್ರೈವರ್ ಪಕ್ಕದ ಎರಡು ಬಾಗಿಲಿಗೂ ಹೊಸ ಕಪ್ಪು ಪಟ್ಟಿಯ ಮೇಲೆ ಅಂಟಿಸಿದಳು. ಸೀಟಿನಲ್ಲಿ ಕೂತು ಕನ್ನಡಿ ನೋಡಿದಳು. ಬೆಳ್ಳಿಗೆರೆಯಷ್ಟು ಸೊಗಸಿಲ್ಲ, ಸುಕ್ಕುಸುಕ್ಕು. ಆದರೂ ಗೆರೆ. ಅಂದು ತರಕಾರಿಗೆ ಹೋಗಿ ಬಂದವಳು ಒಂದೇ ಏಟಿಗೆ ಒಳಗೆ ತಂದಳು. ಎದುರು ಮನೆಯ ಅಜ್ಜಿ ಕಿಟಕಿಯಿಂದ ಕೈ ಬೀಸಿದಳು.

ಗುರುವಾರ ಬೆಳಿಗ್ಗೆ ಮಗ ಅದನ್ನು ನೋಡಿದ. ಅವನ ನಗು ಅಡುಗೆಮನೆಯವರೆಗೆ ಕೇಳಿಸಿತು.

"ಅಮ್ಮಾ! ಏನಿದು, ಕಾರಿಗೂ ಬುತ್ತಿ ಕಟ್ಟಿದ್ದೀಯಾ? ಅಪ್ಪಾ, ಬನ್ನಿ ಇಲ್ಲಿ!"

ಗಂಡ ಬಂದು ನಕ್ಕ. ಸೊಸೆಗೂ ನಗು ಬಂತು, ತಡೆದುಕೊಂಡಳು. ಕಾರಮ್ಮನೂ ಒದ್ದೆ ಕೈ ಒರೆಸಿಕೊಳ್ಳುತ್ತ ನಕ್ಕಳು. ನಗುವ ಮುಂದೆ ನಿಂತು ಬೇರೇನು ಮಾಡುವುದೆಂದು ಅವಳಿಗೆ ತಿಳಿಯಲಿಲ್ಲ. ಮಗ ಹಾಳೆಯನ್ನು ಪರಪರ ಕಿತ್ತು ಉಂಡೆ ಮಾಡಿ ಅವಳ ಕೈಗೇ ಕೊಟ್ಟ, ಕಸದ ಬುಟ್ಟಿಗೆ ಹಾಕುವುದಕ್ಕೆ.

ಮಧ್ಯಾಹ್ನ ಅಕ್ಕ ಲಿಫ್ಟಿನಿಂದ ಇಳಿದವಳೇ ಕೋಲೆತ್ತಿ ಕಾರು ತೋರಿಸಿದಳು. "ಏನೇ, ಗಾಡಿಗೆ ಕಾಡಿಗೆ ಹಚ್ಚಿದ್ದೀಯ?"

ಕೆರೆಯ ದಂಡೆಯಲ್ಲಿ ಕಾರಮ್ಮ ಎಲ್ಲವನ್ನೂ ಹೇಳಿದಳು. ಅಕ್ಕ ಕಿತ್ತಳೆ ಸುಲಿಯುವುದನ್ನು ನಿಲ್ಲಿಸಿ ಕೇಳಿದಳು.

"ನಿನಗೆ ಬಾಯಿಲ್ವಾ? ಹೇಳು ಅವರಿಗೆ."

"ಏನಂತ ಹೇಳ್ಲಿ?"

"ಇದ್ದದ್ದು ಇದ್ದ ಹಾಗೆ. ಗೆರೆ ಕಾಣ್ತಿಲ್ಲ ಅನ್ನು. ಅಷ್ಟು ಹೇಳಕ್ಕೂ ಆಗಲ್ವಾ? ಊರಿಗೆಲ್ಲ ಖಾರಮ್ಮ ಅಂತೆ, ಮನೇಲಿ ನೋಡಿದ್ರೆ ಸಪ್ಪೆ."

"ಹೇಳ್ತೀನಿ," ಎಂದಳು ಕಾರಮ್ಮ. "ಇವತ್ತೇ ಹೇಳ್ತೀನಿ."

"ಮುಂದಿನ ವಾರ ಬರುವಾಗ ಉಪ್ಪು ಖಾರ ಹಾಕಿದ ಸೀಬೆಕಾಯಿ ತಾ. ಈ ಕಿತ್ತಳೆ ಸಾಕಾಯ್ತು."

ಹಿಂತಿರುಗುವಾಗ ರಸ್ತೆಯಲ್ಲಿ ವಾಹನ ದಟ್ಟಣೆ. ಓಣಿಗೆ ಬರುವ ಹೊತ್ತಿಗೆ ಬೆಳಕು ಇಳಿದಿತ್ತು, ದೀಪ ಇನ್ನೂ ಹತ್ತಿರಲಿಲ್ಲ. ಅವಳು ಗಾಡಿಯನ್ನು ಅಡ್ಡ ನಿಲ್ಲಿಸಿ, ರಿವರ್ಸ್ ಹಾಕಿ, ಕನ್ನಡಿ ನೋಡಿದಳು. ಕಪ್ಪು ಪಟ್ಟಿ, ಕಡುನೀಲಿ ಬಾಗಿಲು, ಅದರಾಚೆ ಮಬ್ಬು. ಇಳಿದು ನೋಡೋಣವೆಂದರೆ ಹಿಂದೆ ಒಬ್ಬ ಬೈಕಿನವನು ಕಾಯುತ್ತಿದ್ದ. ಅವನು ಹಾರ್ನ್ ಹೊಡೆದ. "ಸಾರಿ," ಎಂದಳು, ಗಾಜು ಮುಚ್ಚಿದ ಕಾರಿನೊಳಗೆ, ಯಾರಿಗೂ ಕೇಳಿಸದಂತೆ. ಎರಡು ಬೆರಳು ಎಲ್ಲಿದ್ದಿರಬಹುದು ಎಂದು ಅಂದಾಜು ಮಾಡಿ ಗಾಡಿ ಬಿಟ್ಟಳು.

ಕಂಬ ಹಿಂಬಾಗಿಲಿಗೆ ತಾಗಿದ ಸದ್ದು ಒಲೆಯ ಮೇಲಿಂದ ಬಾಣಲೆ ಎಳೆದ ಹಾಗಿತ್ತು. ನೀಲಿ ಬಣ್ಣ ಎದ್ದು ತಗಡು ಕಾಣಿಸಿತು. ಹೊಸ ಕಪ್ಪು ಪಟ್ಟಿ ಬಾಗಿ ಕಿತ್ತು ನಿಂತಿತು.

ಯಾರೂ ಬೈಯಲಿಲ್ಲ. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಮಗ ಬಾಗಿಲನ್ನು ಸವರಿ ನೋಡಿ, "ಹೋಗ್ಲಿ ಬಿಡಮ್ಮ, ನಿನಗೇನೂ ಆಗ್ಲಿಲ್ವಲ್ಲ," ಎಂದ. ಗಂಡ ಅವಳನ್ನು ಕುರ್ಚಿಯಲ್ಲಿ ಕೂರಿಸಿದ. ಸೊಸೆ ನೀರು ತಂದಳು. ಅಷ್ಟು ಜನ ಅವಳ ಸುತ್ತ ನಿಂತು ಅವಳ ಮಾತಿಗೆ ಕಾಯುತ್ತಿದ್ದದ್ದು ಆ ಮನೆಯಲ್ಲಿ ಅದೇ ಮೊದಲು.

"ಗೆರೆ ಕಾಣ್ತಿಲ್ಲ," ಎಂದಳು ಅವಳು.

ಗಂಡ, ಮಗ ಮುಖ ಮುಖ ನೋಡಿಕೊಂಡರು.

"ಕಾಣ್ತಿಲ್ವಾ? ಯಾವಾಗಿಂದ?" ಎಂದ ಗಂಡ.

"ಮಂಗಳವಾರದಿಂದ."

"ಮಂಗಳವಾರದಿಂದ ಕಣ್ಣು ಕಾಣ್ತಿಲ್ಲ, ನೀನು ಯಾರಿಗೂ ಹೇಳ್ಲಿಲ್ಲ! ಹಾಗೇ ಗಾಡಿ ಹೊಡ್ಕೊಂಡು ಆ ತುದಿವರೆಗೆ ಹೋಗಿ ಬಂದೆ!"

"ಕಣ್ಣಲ್ಲ ರೀ. ಕನ್ನಡೀಲಿ. ಆ ಪಟ್ಟಿ, ಬೆಳ್ಳಗಿತ್ತಲ್ಲ, ಅದನ್ನ ನೋಡಿ ನಾನು..."

"ಬೆಳ್ಳಗಿರೋದು ಮಾತ್ರ ಕಾಣುತ್ತಂತೆ," ಎಂದ ಗಂಡ ಮಗನಿಗೆ, ದನಿ ತಗ್ಗಿಸಿ. "ಪೊರೆ ಇರ್ಬೇಕು."

ಮರುದಿನ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದರು. ಕಾರು ಓಡಿಸಿದವನು ಮಗ, ಅವಳು ಹಿಂದಿನ ಸೀಟಿನಲ್ಲಿ. ಅಕ್ಷರಗಳ ಹಲಗೆಯಲ್ಲಿ ಅವಳು ಕೊನೆಯ ಸಾಲಿನವರೆಗೂ ಓದಿದಳು. ಡಾಕ್ಟರು ದೀಪ ಬಿಟ್ಟು ನೋಡಿ, "ಈ ವಯಸ್ಸಿಗೆ ತುಂಬಾ ಚೆನ್ನಾಗಿದೆ," ಎಂದರು.

ದಾರಿಯುದ್ದಕ್ಕೂ ಗಂಡ ತಲೆಯಾಡಿಸುತ್ತ ಬಂದ. "ನ್ಯಾಯವಾಗಿ ಹೇಳಿದ್ರು ಡಾಕ್ಟ್ರು. ಈ ವಯಸ್ಸಿಗೆ ಅಂದ್ರು. ವಯಸ್ಸು ಅಂದ್ಮೇಲೆ ವಯಸ್ಸೇ."

ಮನೆಗೆ ಬಂದು ಅಡುಗೆಮನೆಯಲ್ಲಿ ಅವಳು ಸೊಸೆಗೆ ಬಿಡಿಸಿ ಹೇಳಿದಳು. ನೀರಿನ ಲೋಟವನ್ನು ಕಾರು ಮಾಡಿದಳು, ಉಪ್ಪಿನ ಡಬ್ಬಿಯನ್ನು ಕಂಬ ಮಾಡಿದಳು, ಚಮಚದ ಹೊಳಪನ್ನು ಗೆರೆ ಮಾಡಿ ಎರಡು ಬೆರಳು ಇಟ್ಟು ತೋರಿಸಿದಳು. ಸೊಸೆಗೆ ಒಂದೇ ಸಲಕ್ಕೆ ಅರ್ಥವಾಯಿತು. "ಅಯ್ಯೋ ಅತ್ತೆ," ಎಂದು ಅವಳ ಕೈ ಹಿಡಿದುಕೊಂಡಳು. ಊಟದ ಹೊತ್ತಿಗೆ ಸೊಸೆ ಅದನ್ನೇ ತನ್ನ ಗಂಡನಿಗೆ ಹೇಳಿದಳು. ಹಳೆಯ ಪಟ್ಟಿ ಹಾಕಿಸಿಬಿಡಿ ಎಂದಳು.

ಮಗ ತುತ್ತು ಎತ್ತಿದ ಕೈಯನ್ನು ಹಾಗೇ ಹಿಡಿದ. "ಅಂದ್ರೆ ಇಷ್ಟು ವರ್ಷ ಅಮ್ಮ ಗಾಡಿ ನೋಡಿ ಓಡಿಸ್ತಿರ್ಲಿಲ್ಲ, ಹೊಳಪು ನೋಡಿ ಓಡಿಸ್ತಿದ್ಲು? ನಮ್ಮನ್ನೆಲ್ಲ ಕೂರಿಸ್ಕೊಂಡು?" ಅವನಿಗೆ ನಿಜಕ್ಕೂ ಹೆದರಿಕೆಯಾಗಿತ್ತು. "ಹಳೇದೆಲ್ಲಿ ಸಿಗುತ್ತೆ, ಗುಜರಿಗೆ ಹೋಗಿರುತ್ತೆ. ಅದೂ ಅಲ್ಲದೆ, ಅದು ಡ್ರೈವಿಂಗ್ ಅಲ್ಲ ಕಣೇ, ಅದೃಷ್ಟ."

"ನಿಮ್ಮಪ್ಪ ಎರಡು ಸಲ ತಾಗಿಸಿದ್ರು," ಎಂದಳು ಕಾರಮ್ಮ.

"ಆ ಗೇಟು ಸಣ್ಣದು," ಎಂದ ಗಂಡ.

ಕಾರಿನ ಕೀಲಿ ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಯಲ್ಲಿ, ಟೀ ಸೋಸುವ ಜಾಲರಿಯ ಕೆಳಗೆ ನೇತಾಡುತ್ತಿತ್ತು. ಶನಿವಾರ ಬೆಳಿಗ್ಗೆ ಅಲ್ಲಿ ಜಾಲರಿ ಮಾತ್ರ ಇತ್ತು. ಅವಳು ಕೇಳುವ ಮೊದಲೇ ಮಗ ಹೇಳಿದ: "ನನ್ನ ಬ್ಯಾಗಲ್ಲಿದೆಯಮ್ಮ. ನೀನು ಓಡಾಡಿದ್ದು ಸಾಕು. ಇಷ್ಟು ವರ್ಷ ದುಡಿದಿದ್ದೀಯ, ಇನ್ನಾದ್ರೂ ರೆಸ್ಟ್ ತಗೋ." ಅವನ ದನಿಯಲ್ಲಿ ನಿಜವಾದ ಪ್ರೀತಿಯಿತ್ತು. ಚಪ್ಪಲಿ ಮೆಟ್ಟಿಕೊಳ್ಳುತ್ತ, "ರಾತ್ರಿ ಇಬ್ಬರು ಊಟಕ್ಕೆ ಬರ್ತಾರೆ, ಏನಾದ್ರೂ ಸ್ವಲ್ಪ ಸ್ಪೆಷಲ್ ಮಾಡ್ಬಿಡು," ಎಂದೂ ಹೇಳಿ ಹೋದ.

ಸೋಮವಾರದ ಹೊತ್ತಿಗೆ ಬೇರೆ ಪಟ್ಟಿ ಬಂತು, ಬಾಗಿಲಿಗೆ ಬಣ್ಣ ಬಂತು. ಕಪ್ಪು ಪಟ್ಟಿಗೆ ಒರೆಸುವ ಕೆಲಸವಿಲ್ಲ ಎಂದದ್ದು ಸುಳ್ಳಾಯಿತು. ಅದರ ಮೇಲೆ ಒಂದು ಹನಿ ನೀರು ಒಣಗಿದರೂ ಬಿಳಿ ಕಲೆ ನಿಲ್ಲುತ್ತಿತ್ತು. ಮಂಗಳವಾರ ಹೊರಗಿನವರನ್ನು ಸುತ್ತಿಸಬೇಕಿದ್ದ ಮಗ ಬೆಳಿಗ್ಗೆ, "ಅಮ್ಮ, ಒಂದು ಕೈ ಒರೆಸ್ಬಿಡು," ಎಂದ. ಅವಳು ಲೋಟ ಒರೆಸಿದ ಬಟ್ಟೆಯನ್ನೇ ತೆಗೆದುಕೊಂಡು ಹೋಗಿ ಒರೆಸಿದಳು. ಓಣಿಯ ಮಕ್ಕಳು ಹಾದುಹೋಗುವಾಗ, "ಕಾರಮ್ಮ, ಕಾರಮ್ಮ," ಎಂದು ಕೂಗಿ ಓಡಿದರು.

ಬುಧವಾರ ಅವಳು ಕೇಳಿಯೇ ಕೇಳಿದಳು. "ನಾಳೆ ಅಕ್ಕನ ಮನೆಗೆ ಹೋಗ್ಬೇಕಿತ್ತು."

"ನಾಳೆ ಆಗಲ್ವಲ್ಲಮ್ಮ, ಗಾಡಿ ನನಗೆ ಬೇಕು. ಭಾನುವಾರ ನಾನೇ ಕರ್ಕೊಂಡು ಹೋಗ್ತೀನಿ. ಒಂದು ಹತ್ತು ನಿಮಿಷ ಕೂತು ಮಾತಾಡ್ಕೊಂಡು ಬಂದ್ಬಿಡೋಣ."

"ಅವಳನ್ನ ಸ್ವಲ್ಪ ಹೊರಗೆ..."

"ಈ ವಯಸ್ಸಲ್ಲಿ ದೊಡ್ಡಮ್ಮನ್ನ ಎಳ್ಕೊಂಡು ಓಡಾಡೋದ್ಯಾಕೆ? ಮನೇಲೇ ಮಾತಾಡಿ."

ಗುರುವಾರ ಊಟ ಮುಗಿಯಿತು. ಗಂಡ ಮಲಗಿದ. ಅವಳು ಅಡುಗೆಕಟ್ಟೆ ಒರೆಸಿ, ಬೆಳಿಗ್ಗೆ ತರಕಾರಿಯವನಿಂದ ಕೊಂಡಿದ್ದ ಎರಡು ಸೀಬೆಕಾಯಿಯನ್ನು ತೊಳೆದು ತಟ್ಟೆಯಲ್ಲಿಟ್ಟಳು. ಹೆಚ್ಚಲಿಲ್ಲ. ಫೋನು ಮಾಡಬೇಕೆಂದು ಕೈಗೆತ್ತಿಕೊಂಡು, ಮತ್ತೆ ಕೆಳಗಿಟ್ಟಳು. ಅಷ್ಟರಲ್ಲಿ ಅದೇ ಬಡಿದುಕೊಂಡಿತು.

"ಎಲ್ಲಿದ್ದೀಯೇ? ನಾನು ಬೂಟು ಹಾಕ್ಕೊಂಡು ಬಾಗಿಲ ಹತ್ರ ಕೂತಿದ್ದೀನಿ," ಎಂದಳು ಅಕ್ಕ. ಏದುಸಿರು ಇನ್ನೂ ಇಳಿದಿರಲಿಲ್ಲ. "ಎಡಗಾಲಿಂದು ಇವತ್ತು ಒಂದೇ ಸಲಕ್ಕೆ ಹಾಕ್ಕೊಂಡೆ ಗೊತ್ತಾ?"

"ಅಕ್ಕ, ಇವತ್ತು ಆಗಲ್ಲ."

"ಯಾಕೆ? ಗಾಡಿಗೇನಾಯ್ತು?"

"ಗಾಡಿಗೇನೂ ಆಗಿಲ್ಲ."

"ಹೇಳಿದ್ಯಾ ಅವರಿಗೆ? ಗೆರೆ ಕಾಣ್ತಿಲ್ಲ ಅಂತ?"

"ಹೇಳ್ದೆ."

ಕಾರಮ್ಮನ ಕಣ್ಣು ಬಾಗಿಲ ಪಕ್ಕದ ಮೊಳೆಯ ಮೇಲಿತ್ತು. ಹೇಳಬೇಕಾದದ್ದೆಲ್ಲ ಹೇಳಿಯಾಗಿತ್ತು.

"ಮುಂದಿನ ಗುರುವಾರ?" ಎಂದಳು ಅಕ್ಕ.

"ಭಾನುವಾರ ಬರ್ತಾನಂತೆ. ಅವನೇ ಕರ್ಕೊಂಡು ಬರ್ತಾನಂತೆ. ಮನೇಲೇ ಕೂತು ಮಾತಾಡಿ ಅಂದ."

"ಓ," ಎಂದಳು ಅಕ್ಕ. ಆಮೇಲೆ, "ಸರಿ ಬಿಡು. ಇವಳು ಏನೋ ಕರೀತಿದ್ದಾಳೆ, ಕತ್ತರಿ ಎಲ್ಲಿದೆ ಅಂತೆ," ಎಂದಳು. ಆದರೆ ಫೋನು ಇಡಲಿಲ್ಲ. ಯಾರಾದರೂ ಕರೆಯುವ ಸದ್ದೂ ಆ ಕಡೆಯಿಂದ ಕೇಳಿಸಲಿಲ್ಲ. ಅವಳು ಕೂತ ಕುರ್ಚಿ ಕಿರುಗುಟ್ಟಿತು. ಆಮೇಲೆ ಪರ್ರ್ ಎಂದು ಒಂದು ಬೂಟಿನ ಪಟ್ಟಿ ಬಿಚ್ಚಿದ ಸದ್ದು. ಬಹಳ ಹೊತ್ತಿನ ಮೇಲೆ ಇನ್ನೊಂದು.